ಪದಾಂಧತೆಯ ಚರಿತ್ರೆ: ಮಿದುಳಿನ ಶೋಧನೆಯೂ ಓದಿನ ಪಾಠವೂ

೧

ಮಾತು ಮನುಷ್ಯನಿಗೆ ಪ್ರಕೃತಿಸಿದ್ಧವಾದುದು. ಬರಹವು ಅವನು ಕಲ್ಪಿಸಿಕೊಂಡದ್ದು. ಮಾತನಾಡುವ ಜನರ ನಡುವೆ ಬೆಳೆಯುವ ಶಿಶುವು, ಯಾರೂ ಕುಳ್ಳಿರಿಸಿ ಪಾಠ ಹೇಳದಿದ್ದರೂ, ಮೂರು ನಾಲ್ಕು ವರ್ಷಗಳೊಳಗಾಗಿ ತಾಯ್ನುಡಿಯನ್ನು ತನ್ನದನ್ನಾಗಿ ಮಾಡಿಕೊಳ್ಳುತ್ತದೆ. ಆದರೆ ಪುಸ್ತಕಗಳ ನಡುವೆ ಬೆಳೆದ ಮಾತ್ರಕ್ಕೆ ಯಾವ ಶಿಶುವೂ ತಾನಾಗಿ ಓದುವುದಿಲ್ಲ. ಮೆಸೊಪೊಟೇಮಿಯ ಮತ್ತು ಈಜಿಪ್ಟುಗಳಲ್ಲಿ ಬರಹವು ಹುಟ್ಟಿ ಐದು ಸಾವಿರ ವರ್ಷಗಳಿಗೆ ಸ್ವಲ್ಪ ಮೇಲಾಗಿದೆ. ಜೀವಜಾತಿಯೊಂದರ ದೇಹದಲ್ಲಿ ಹೊಸ ಅಂಗವು ರೂಪುಗೊಳ್ಳುವುದಕ್ಕೆ ಇಷ್ಟು ಕಾಲ ಏನೇನೂ ಸಾಲದು. ಆದುದರಿಂದ ಓದಿಗೆಂದೇ ಮೀಸಲಾದ ಭಾಗವು ಮಿದುಳಿನಲ್ಲಿ ಹುಟ್ಟಿನಿಂದಲೇ ಇರಲಾರದು. ಹಾಗಿದ್ದರೂ ಓದಬಲ್ಲವನ ಕಣ್ಣು ಒಂದು ಪದದ ಮೇಲೆ ಬಿದ್ದೊಡನೆಯೇ ಅದರ ಧ್ವನಿಯೂ ಅರ್ಥವೂ ಅವನ ಮನಸ್ಸಿನಲ್ಲಿ ಮೂಡುತ್ತವೆ. ಓದದೆ ಇರಬೇಕೆಂದರೂ ಅವನಿಂದಾಗದು. ಈ ಶಕ್ತಿ ಎಲ್ಲಿಂದ ಬಂದಿತು? ಕೆಲವು ಮಕ್ಕಳಿಗೆ ಅದು ಏಕೆ ಒಲಿಯುವುದಿಲ್ಲ?

ಎರಡನೆಯ ಪ್ರಶ್ನೆಯು ಬರಿಯ ವಿದ್ವಾಂಸರ ಕುತೂಹಲವಲ್ಲ. ಶಾಲೆಯೆಂಬುದು ಇರುವಲ್ಲೆಲ್ಲ, ಮಾತಿನಲ್ಲಿ ಚುರುಕಾಗಿ, ಆಟದಲ್ಲಿ ಮುಂದಾಗಿ, ಲೆಕ್ಕದಲ್ಲಿಯೂ ಕುಂದಿಲ್ಲದೆ, ಪುಸ್ತಕವನ್ನು ಮುಂದಿಟ್ಟರೆ ಮಾತ್ರ ತಡವರಿಸಿ ನಿಲ್ಲುವ ಮಕ್ಕಳು ಇದ್ದೇ ಇರುತ್ತಾರೆ. ಇಂಥವರಿಗೆ ಬಹುಕಾಲದವರೆಗೆ ದೊರೆತುದು ಎರಡೇ: ಸೋಮಾರಿಯೆಂಬ ಹೆಸರು ಅಥವಾ ದಡ್ಡನೆಂಬ ಹೆಸರು. ಬೆತ್ತವು ಎರಡಕ್ಕೂ ಸಾಮಾನ್ಯವಾಗಿತ್ತು. ಈ ಹೆಸರುಗಳು ಸಲ್ಲವೆಂಬುದನ್ನು ಲೋಕವು ತಿಳಿದುಕೊಂಡ ಬಗೆಯು ನೂರೈವತ್ತು ವರ್ಷಗಳ ಒಂದು ಚರಿತ್ರೆ. ಅದು ವೈದ್ಯರ ಶವಪರೀಕ್ಷೆಯಲ್ಲಿ ಮೊದಲಾಗಿ, ಪ್ರಯೋಗಶಾಲೆಗಳ ಮೂಲಕ ಹಾದು, ಕೊನೆಗೆ ಮಕ್ಕಳ ಹಲಗೆ ಬಳಪಗಳವರೆಗೆ ಬಂದಿದೆ.

೨

೧೮೬೧ನೆಯ ಇಸವಿಯಲ್ಲಿ ಪ್ಯಾರಿಸಿನ ಪಾಲ್ ಬ್ರೋಕಾ ಎಂಬ ಶಸ್ತ್ರವೈದ್ಯರು ತಮ್ಮ ರೋಗಿಯೊಬ್ಬನ ಮಿದುಳನ್ನು ವಿದ್ವತ್ಸಭೆಯ ಮುಂದಿಟ್ಟರು. ಆ ರೋಗಿಯು ಬಹುಕಾಲ ಬಿಸೆತ್ರ್ ಆಸ್ಪತ್ರೆಯಲ್ಲಿದ್ದವನು. ಏನು ಕೇಳಿದರೂ ‘ತಾನ್’ ಎಂಬ ಒಂದೇ ಸದ್ದನ್ನು ಆಡುತ್ತಿದ್ದುದರಿಂದ ಅದೇ ಅವನ ಹೆಸರಾಗಿ ಹೋಗಿತ್ತು. ಪರರ ಮಾತನ್ನು ಆತ ಬಹುಮಟ್ಟಿಗೆ ತಿಳಿಯಬಲ್ಲವನಾಗಿದ್ದನು. ಸತ್ತ ಮೇಲೆ ನೋಡಲಾಗಿ, ಮಿದುಳಿನ ಎಡ ಗೋಳಾರ್ಧದ ಮುಂಭಾಗದಲ್ಲಿ ಒಂದೆಡೆ ಕೆಟ್ಟುಹೋಗಿತ್ತು. ಮನಸ್ಸಿನ ಒಂದೊಂದು ವ್ಯಾಪಾರಕ್ಕೂ ಮಿದುಳಿನಲ್ಲಿ ಒಂದೊಂದು ನೆಲೆಯನ್ನು ಹುಡುಕುವ ಉತ್ಸಾಹವು ಅಲ್ಲಿಂದಾಚೆಗೆ ಯೂರೋಪಿನ ವೈದ್ಯರಲ್ಲಿ ಹಬ್ಬಿತು. ೧೮೭೭ರಲ್ಲಿ ಜರ್ಮನ್ ವೈದ್ಯರಾದ ಆಡಾಲ್ಫ್ ಕುಸ್ಮೌಲ್ ಅವರು, ಕಣ್ಣು, ಬುದ್ಧಿ, ಮಾತು ಮೂರೂ ನೆಟ್ಟಗಿದ್ದು ಓದುವ ಶಕ್ತಿಯೊಂದು ಮಾತ್ರ ನಷ್ಟವಾಗುವ ಸ್ಥಿತಿಗೆ ‘ಪದಾಂಧತೆ’ ಎಂಬ ಅರ್ಥದ ಹೆಸರನ್ನು ಕೊಟ್ಟರು. ಇಂದು ಲೋಕದಲ್ಲಿ ಬಳಕೆಯಲ್ಲಿರುವ ‘ಡಿಸ್ಲೆಕ್ಸಿಯ’ ಎಂಬ ಶಬ್ದವು ಸ್ಟುಟ್‌ಗಾರ್ಟಿನ ನೇತ್ರವೈದ್ಯರಾದ ರುಡಾಲ್ಫ್ ಬರ್ಲಿನ್ ಅವರು ೧೮೮೭ರ ಗ್ರಂಥವೊಂದರಲ್ಲಿ ಪ್ರಯೋಗಿಸಿದುದು.

ಅದೇ ೧೮೮೭ರ ಶರತ್ಕಾಲದಲ್ಲಿ ಪ್ಯಾರಿಸಿನಲ್ಲಿ ನಡೆದ ಸಂಗತಿಯೊಂದು ಈ ಶಾಸ್ತ್ರಕ್ಕೆ ಆಧಾರಶಿಲೆಯಾಯಿತು. ಸುಶಿಕ್ಷಿತನೂ ನಿವೃತ್ತನೂ ಆದ ವರ್ತಕನೊಬ್ಬನು ಒಂದು ದಿನ ತಾನು ಒಂದಕ್ಷರವನ್ನೂ ಓದಲಾರೆನೆಂಬುದನ್ನು ಕಂಡು ಬೆರಗಾದನು. ಅವನಿಗೆ ಮನೆಯವರ ಮುಖ ತಿಳಿಯುತ್ತಿತ್ತು. ವಸ್ತುಗಳ ಹೆಸರು ತಿಳಿಯುತ್ತಿತ್ತು. ಅಂಕಿಗಳನ್ನು ಓದಿ ಲೆಕ್ಕವನ್ನೂ ಮಾಡುತ್ತಿದ್ದನು. ಇದೆಲ್ಲಕ್ಕಿಂತ ಆಶ್ಚರ್ಯವೆಂದರೆ, ಹೇಳಿದುದನ್ನು ಆತ ಸರಾಗವಾಗಿ ಬರೆಯಬಲ್ಲವನಾಗಿದ್ದು, ಬರೆದುದನ್ನು ತಾನೇ ಓದಲಾರದವನಾಗಿದ್ದನು. ಕನ್ನಡಕವನ್ನು ಬಯಸಿ ನೇತ್ರವೈದ್ಯರ ಬಳಿಗೆ ಹೋದ ಅವನನ್ನು ಅವರು ಜೂಲ್ ಡೆಜರೀನ್ ಎಂಬ ನರರೋಗತಜ್ಞರಲ್ಲಿಗೆ ಕಳುಹಿಸಿದರು. ಆ ರೋಗಿಯು ಅಕ್ಷರದ ಗೆರೆಗಳನ್ನು ಬೆರಳಿನಿಂದ ತಿದ್ದಿದರೆ ಮಾತ್ರ ಅದು ಯಾವ ಅಕ್ಷರವೆಂದು ಹೇಳುತ್ತಿದ್ದನು. ಕಣ್ಣು ಮರೆತುದನ್ನು ಕೈ ಮರೆತಿರಲಿಲ್ಲ. ನಾಲ್ಕು ವರ್ಷಗಳಿಗೂ ಮೇಲೆ ಆತ ಹೀಗೆಯೇ ಬಾಳಿ, ೧೮೯೨ರ ಜನವರಿಯಲ್ಲಿ ಎರಡನೆಯ ಆಘಾತವಾಗಿ ತೀರಿಕೊಂಡನು. ಡೆಜರೀನರು ಶವಪರೀಕ್ಷೆ ಮಾಡಿ ನೋಡಿದಾಗ ಎಡ ಗೋಳಾರ್ಧದ ಹಿಂಭಾಗವೂ, ಎರಡು ಗೋಳಾರ್ಧಗಳನ್ನು ಕೂಡಿಸುವ ನರಸೇತುವೆಯ ಹಿಂತುದಿಯೂ ಬಹುದಿನಗಳ ಹಿಂದೆಯೇ ಕೆಟ್ಟಿದ್ದುದು ಕಂಡಿತು. ಬಲಗಡೆಯ ಗೋಳಾರ್ಧವು ಅಕ್ಷರದ ಆಕಾರವನ್ನು ನೋಡುತ್ತಿತ್ತು. ಆದರೆ ಕಂಡ ಆಕಾರವು ಎಡಗಡೆಯಲ್ಲಿರುವ ಭಾಷೆಯ ನೆಲೆಯನ್ನು ತಲಪುವ ದಾರಿಯು ಕಡಿದು ಹೋಗಿತ್ತು. ಹೀಗೆ ನೋಡುವುದು ಬೇರೆ, ಓದುವುದು ಬೇರೆ ಎಂಬುದೂ, ಓದಿಗೆ ಮಿದುಳಿನಲ್ಲಿ ಒಂದು ನಿಶ್ಚಿತವಾದ ಮಾರ್ಗ ಉಂಟೆಂಬುದೂ ಸಿದ್ಧವಾಯಿತು.

೩

ವಯಸ್ಸಾದವರಲ್ಲಿ ರೋಗದಿಂದ ನಷ್ಟವಾಗುವ ಶಕ್ತಿಯು ಕೆಲವು ಮಕ್ಕಳಲ್ಲಿ ಮೊದಲಿನಿಂದಲೇ ದುರ್ಬಲವಾಗಿರಬಾರದೇಕೆ ಎಂಬ ವಿಚಾರವು ಇಂಗ್ಲೆಂಡಿನಲ್ಲಿ ಹುಟ್ಟಿತು. ಸಸೆಕ್ಸ್ ಪ್ರಾಂತದ ಸಮುದ್ರತೀರದ ಸೀಫರ್ಡ್ ಊರಿನ ವೈದ್ಯರಾದ ಪ್ರಿಂಗಲ್ ಮಾರ್ಗನ್ ಅವರು ೧೮೯೬ರ ನವೆಂಬರಿನಲ್ಲಿ ಬ್ರಿಟಿಷ್ ವೈದ್ಯಪತ್ರಿಕೆಯಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬನ ವೃತ್ತಾಂತವನ್ನು ಪ್ರಕಟಿಸಿದರು. ಹುಡುಗನು ಬುದ್ಧಿವಂತನಾಗಿದ್ದನು, ಆಟಗಳಲ್ಲಿ ಚುರುಕಾಗಿದ್ದನು, ಲೆಕ್ಕದಲ್ಲಿ ಅವನಿಗೆ ಪ್ರೀತಿ. ಏಳನೆಯ ವಯಸ್ಸಿನಿಂದ ಉಪಾಧ್ಯಾಯರು ಪಟ್ಟ ಶ್ರಮವೆಲ್ಲ ಓದಿನ ವಿಷಯದಲ್ಲಿ ವ್ಯರ್ಥವಾಗಿತ್ತು. ‘ಪರ್ಸಿ’ ಎಂಬ ತನ್ನ ಹೆಸರಿನ ಅಕ್ಷರಗಳನ್ನೇ ಹಿಂದುಮುಂದು ಮಾಡಿ ‘ಪ್ರೆಸಿ’ ಎಂದು ಬರೆದು, ತಪ್ಪನ್ನು ಒಂದಕ್ಕಿಂತ ಹೆಚ್ಚು ಸಲ ತೋರಿಸಿದ ಮೇಲೆಯೇ ಅದನ್ನು ಕಂಡುಕೊಂಡನು. ಪಾಠವೆಲ್ಲ ಬಾಯಿಂದಲೇ ನಡೆಯುವುದಾಗಿದ್ದರೆ ಶಾಲೆಯಲ್ಲಿ ಇವನೇ ಎಲ್ಲರಿಗಿಂತ ಜಾಣನಾಗುತ್ತಿದ್ದನೆಂದು, ಅವನಿಗೆ ಹಲವು ವರ್ಷ ಕಲಿಸಿದ ಉಪಾಧ್ಯಾಯರೇ ಹೇಳಿದರಂತೆ. ದಡ್ಡತನವೆಂದು ಎಣಿಸಿದುದು ದಡ್ಡತನವಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವು ಅದುವರೆಗೆ ಅಚ್ಚಾಗಿರಲಿಲ್ಲ.

ಗ್ಲಾಸ್ಗೋ ನಗರದ ನೇತ್ರವೈದ್ಯರಾದ ಜೇಮ್ಸ್ ಹಿನ್‌ಷೆಲ್‌ವುಡ್ ಅವರು ಇಂತಹ ಹಲವು ಮಕ್ಕಳನ್ನು ಪರೀಕ್ಷಿಸಿದರು. ೧೯೦೭ರಲ್ಲಿ ಒಂದೇ ಕುಟುಂಬದ ನಾಲ್ವರಲ್ಲಿ ಈ ದೋಷವನ್ನು ಕಂಡು ವರದಿ ಮಾಡಿ, ಇದು ವಂಶಾನುಗತವಾಗಿಯೂ ಬರಬಹುದೆಂಬುದಕ್ಕೆ ದಾರಿ ತೋರಿದರು. ೧೯೧೭ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ ಮುಖ್ಯವಾಗಿ ಎರಡು ಮಾತುಗಳಿವೆ. ಪದಗಳ ಚಿತ್ರಗಳನ್ನು ಸಂಗ್ರಹಿಸುವ ನೆಲೆಯೊಂದು ಮಿದುಳಿನ ಎಡಭಾಗದಲ್ಲಿದ್ದು, ಈ ಮಕ್ಕಳಲ್ಲಿ ಅದು ಚೆನ್ನಾಗಿ ಬೆಳೆದಿಲ್ಲವೆಂಬುದು ಒಂದು. ಇಂತಹ ಮಗುವನ್ನು ಪ್ರತ್ಯೇಕವಾಗಿ ಕುಳ್ಳಿರಿಸಿಕೊಂಡು, ಒಂದೊಂದೇ ಅಕ್ಷರದಿಂದ ಹಿಡಿದು ತಾಳ್ಮೆಯಿಂದ ಕಲಿಸಿದರೆ ಓದು ಬರುತ್ತದೆಂಬುದು ಇನ್ನೊಂದು. ಮೊದಲನೆಯದು ಊಹೆ, ಎರಡನೆಯದು ಅನುಭವ. ಊಹೆಯು ಮುಂದೆ ಬಹಳ ಬದಲಾಯಿತು, ಅನುಭವವು ಉಳಿಯಿತು.

ಇದೇ ಕಥೆ ಅಮೆರಿಕದಲ್ಲಿ ಇನ್ನೂ ಸ್ಪಷ್ಟವಾಗಿ ಮರುಕಳಿಸಿತು. ೧೯೨೫ರಲ್ಲಿ ಅಯೋವಾ ಸಂಸ್ಥಾನದ ಸ್ಯಾಮುಯಲ್ ಆರ್ಟನ್ ಎಂಬ ವೈದ್ಯರು ಗ್ರಾಮಾಂತರಕ್ಕೆ ಸಂಚಾರಿ ಚಿಕಿತ್ಸಾಲಯವನ್ನು ಒಯ್ದು, ಉಪಾಧ್ಯಾಯರು ಮಂದಬುದ್ಧಿಯವರೆಂದು ಕಳುಹಿಸಿದ ಮಕ್ಕಳನ್ನು ಪರೀಕ್ಷಿಸಿದರು. ಅವರಲ್ಲಿ ಹಲವರ ಬುದ್ಧಿಗೆ ಯಾವ ಕುಂದೂ ಇರಲಿಲ್ಲ. ಓದು ಮಾತ್ರ ಬಾರದು. ಇಂಗ್ಲಿಷಿನ ‘ಬಿ’ ‘ಡಿ’ ಅಕ್ಷರಗಳನ್ನು ಒಂದಕ್ಕೊಂದು ಮಾರುಮಾಡುವುದು, ‘ವಾಸ್’ ಎಂಬ ಪದವನ್ನು ತಿರುಗಿಸಿ ‘ಸಾ’ ಎಂದು ಓದುವುದು ಅವರಲ್ಲಿ ಪದೇಪದೇ ಕಂಡುಬಂದಿತು. ಎರಡು ಗೋಳಾರ್ಧಗಳಲ್ಲಿಯೂ ಒಂದೊಂದು ಪ್ರತಿಬಿಂಬವು ಉಳಿದು, ಒಂದು ಇನ್ನೊಂದನ್ನು ಅಡಗಿಸಲಾರದೆ ಹೋಗುವುದರಿಂದ ಈ ಗೊಂದಲವಾಗುತ್ತದೆಂದು ಆರ್ಟನರು ತರ್ಕಿಸಿದರು. ಅವರ ಸಹಕಾರಿಗಳಾದ ಆನಾ ಗಿಲಿಂಗ್‌ಹ್ಯಾಮ್ ಮತ್ತು ಬೆಸಿ ಸ್ಟಿಲ್ಮನ್ ಎಂಬ ಉಪಾಧ್ಯಾಯಿನಿಯರು ಅಕ್ಷರವನ್ನು ಕಣ್ಣಿಂದ ನೋಡಿ, ಅದರ ಧ್ವನಿಯನ್ನು ಬಾಯಿಂದ ನುಡಿದು, ಕಿವಿಯಿಂದ ಕೇಳಿ, ಕೈಯಿಂದ ಬರೆಯುವ ಕ್ರಮಬದ್ಧವಾದ ಪಾಠವಿಧಾನವನ್ನು ೧೯೩೦ರ ದಶಕದಲ್ಲಿ ರೂಪಿಸಿದರು.

ಆರ್ಟನರ ಪ್ರತಿಬಿಂಬವಾದವು ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ೧೯೭೦ರ ದಶಕದಲ್ಲಿ ಫ್ರಾಂಕ್ ವೆಲ್ಲುಟಿನೊ ಮತ್ತು ಅವರ ಸಂಗಡಿಗರು ಓದಿನಲ್ಲಿ ಹಿಂದುಳಿದ ಮಕ್ಕಳಿಗೂ ಮುಂದಿರುವ ಮಕ್ಕಳಿಗೂ, ಇಬ್ಬರಿಗೂ ತಿಳಿಯದ ಹೀಬ್ರೂ ಅಕ್ಷರಗಳನ್ನು ತೋರಿಸಿ, ನೆನಪಿನಿಂದ ಬರೆಯಹೇಳಿದರು. ಇಬ್ಬರೂ ಸಮನಾಗಿಯೇ ಬರೆದರು. ಕಣ್ಣಿನ ನೆನಪಿನಲ್ಲಿ ದೋಷವಿದ್ದಿದ್ದರೆ ಹೀಗಾಗುತ್ತಿರಲಿಲ್ಲ. ಹಾಗಾದರೆ ಗಿಲಿಂಗ್‌ಹ್ಯಾಮರ ಪಾಠದಿಂದ ಮಕ್ಕಳಿಗೆ ಆದ ಪ್ರಯೋಜನಕ್ಕೆ ಕಾರಣವೇನು? ಆ ಪಾಠವು ತನಗೇ ತಿಳಿಯದಂತೆ ಬೇರೊಂದು ಮರ್ಮವನ್ನು ಮುಟ್ಟಿತ್ತು. ಆ ಮರ್ಮವು ಕಣ್ಣಿನಲ್ಲಿರಲಿಲ್ಲ, ಕಿವಿಯಲ್ಲಿತ್ತು.

೪

ಅದು ಬೆಳಕಿಗೆ ಬರುವುದಕ್ಕೆ ಮೊದಲು ಶಾಲೆಗಳಲ್ಲಿ ದೊಡ್ಡದೊಂದು ವಾದವು ನಡೆದುಹೋಯಿತು. ಅಕ್ಷರಗಳನ್ನೂ ಅವುಗಳ ಧ್ವನಿಗಳನ್ನೂ ಮೊದಲು ಕಲಿಸಿ ಪದಕ್ಕೆ ಹೋಗಬೇಕೆಂಬುದು ಒಂದು ಪಕ್ಷ. ಅಕ್ಷರಗಳಿಗೆ ಅರ್ಥವಿಲ್ಲವಾದುದರಿಂದ ಮಗುವಿಗೆ ಬೇಸರ; ಇಡಿಯ ಪದವನ್ನೇ ಚಿತ್ರದಂತೆ ತೋರಿಸಿ ಪರಿಚಯ ಮಾಡಿಸಬೇಕೆಂಬುದು ಪ್ರತಿಪಕ್ಷ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿಯೇ ಅಮೆರಿಕದ ವಿದ್ಯಾಧಿಕಾರಿಗಳಾದ ಹೊರೇಸ್ ಮಾನ್ ಅವರು ಈ ಎರಡನೆಯ ಪಕ್ಷವನ್ನು ಹಿಡಿದಿದ್ದರು. ೧೮೮೬ರಲ್ಲಿ ಜೇಮ್ಸ್ ಕ್ಯಾಟೆಲ್ ಅವರು ಪ್ರಕಟಿಸಿದ ಪ್ರಯೋಗಗಳಿಂದ ಇದಕ್ಕೆ ಶಾಸ್ತ್ರದ ಬಲವೂ ದೊರೆತಂತಾಯಿತು. ಓದು ಬಲ್ಲವನು ಒಂದು ಸಣ್ಣ ಪದವನ್ನು ಒಂಟಿ ಅಕ್ಷರದಷ್ಟೇ ಶೀಘ್ರವಾಗಿ ಗುರುತಿಸುತ್ತಾನೆಂದು ಕ್ಯಾಟೆಲರು ತೋರಿಸಿದ್ದರು. ಪ್ರಯೋಗವು ನಿಜ, ಆದರೆ ಅದರಿಂದ ಉಪಾಧ್ಯಾಯರು ತೆಗೆದ ಸಿದ್ಧಾಂತವು ಸಲ್ಲದು. ಪಳಗಿದ ಓದುಗನು ಮಾಡುವುದನ್ನು ಎಳೆಯನೂ ಮೊದಲ ದಿನದಿಂದ ಮಾಡಬೇಕೆನ್ನುವುದು, ಓಡುವವನನ್ನು ನೋಡಿ ಅಂಬೆಗಾಲಿಡುವ ಶಿಶುವಿಗೆ ಓಟವನ್ನು ಕಲಿಸಿದಂತೆ.

ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಅಮೆರಿಕದ ಬಹುಪಾಲು ಶಾಲೆಗಳು ಪದಪದ್ಧತಿಯನ್ನೇ ಅನುಸರಿಸಿದುವು. ಈ ಪದ್ಧತಿಯು ಕೆಲವು ಮಕ್ಕಳಿಗೆ ಕೇಡು ಮಾಡುತ್ತದೆಂದು ಆರ್ಟನರು ೧೯೨೯ರಲ್ಲಿಯೇ ಎಚ್ಚರಿಸಿದರು. ೧೯೫೫ರಲ್ಲಿ ರುಡಾಲ್ಫ್ ಫ್ಲೆಷ್ ಅವರು ‘ಜಾನಿಗೆ ಏಕೆ ಓದಲು ಬಾರದು’ ಎಂಬ ಅರ್ಥದ ಹೆಸರಿನ ಪುಸ್ತಕವನ್ನು ಬರೆದು ತಂದೆತಾಯಂದಿರನ್ನು ಕೆರಳಿಸಿದರು. ೧೯೬೭ರಲ್ಲಿ ಹಾರ್ವರ್ಡಿನ ಜೀನ್ ಚಾಲ್ ಅವರು ಅದುವರೆಗಿನ ಪರೀಕ್ಷೆಗಳನ್ನೆಲ್ಲ ನಿಷ್ಪಕ್ಷಪಾತವಾಗಿ ತೂಗಿ, ಆರಂಭದಲ್ಲಿ ಅಕ್ಷರಧ್ವನಿಗಳ ಸಂಬಂಧವನ್ನು ನೇರವಾಗಿ ಕಲಿಸುವ ಪದ್ಧತಿಯೇ ಮೇಲೆಂದು ತೀರ್ಮಾನಿಸಿದರು.

ಏಕೆ ಮೇಲು ಎಂಬುದಕ್ಕೆ ಉತ್ತರವು ೧೯೭೪ರಲ್ಲಿ ದೊರೆಯಿತು. ಇಸಬೆಲ್ ಲಿಬರ್ಮನ್ ಮತ್ತು ಅವರ ಸಂಗಡಿಗರು ಎಳೆಯ ಮಕ್ಕಳಿಗೆ ಒಂದು ಆಟವನ್ನು ಹೂಡಿದರು. ಕೇಳಿದ ಪದದಲ್ಲಿ ಎಷ್ಟು ಉಲಿಗಳಿವೆಯೋ ಅಷ್ಟು ಸಲ ಕೋಲಿನಿಂದ ಮೇಜನ್ನು ಕುಟ್ಟಬೇಕು. ಉಲಿಯನ್ನು ಉಚ್ಚಾರಣೆಯ ಗುಂಪುಗಳಾಗಿ, ಎಂದರೆ ಕನ್ನಡದ ಅಕ್ಷರಗಳಂತೆ, ಎಣಿಸುವುದು ನಾಲ್ಕು ವರ್ಷದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಸಾಧ್ಯವಾಯಿತು. ಆದರೆ ‘ಕ್ಯಾಟ್’ ಎಂಬಲ್ಲಿ ಮೂರು ಬಿಡಿಧ್ವನಿಗಳಿವೆಯೆಂದು ಎಣಿಸುವುದು ಆ ವಯಸ್ಸಿನ ಒಂದು ಮಗುವಿಗೂ ಆಗಲಿಲ್ಲ. ಶಾಲೆಯಲ್ಲಿ ಒಂದು ವರ್ಷ ಕಲಿತ ಆರು ವರ್ಷದವರಲ್ಲಿ ನೂರಕ್ಕೆ ಎಪ್ಪತ್ತು ಮಂದಿ ಅದನ್ನು ಮಾಡಿದರು. ಇದು ವಯಸ್ಸಿನಿಂದ ಬಂದುದೋ ಓದಿನಿಂದ ಬಂದುದೋ ಎಂಬ ಸಂದೇಹವನ್ನು ೧೯೭೯ರಲ್ಲಿ ಜೋಸೆ ಮೊರಾಯಿಸ್ ಮತ್ತು ಅವರ ಜೊತೆಯವರು ಪರಿಹರಿಸಿದರು. ಪೋರ್ಚುಗಲ್ಲಿನ ಓದು ಬಾರದ ವಯಸ್ಕರು, ಮಾತಿನಲ್ಲಿ ಯಾವ ಕೊರತೆಯೂ ಇಲ್ಲದಿದ್ದರೂ, ಪದದ ಮೊದಲ ಬಿಡಿಧ್ವನಿಯನ್ನು ತೆಗೆದು ಹೇಳಲಾರದೆ ಹೋದರು. ದೊಡ್ಡವರಾದ ಮೇಲೆ ಓದು ಕಲಿತವರು ಅದನ್ನು ಮಾಡಬಲ್ಲವರಾಗಿದ್ದರು. ಎಂದರೆ, ಮಾತಿನೊಳಗಿನ ಬಿಡಿಧ್ವನಿಗಳ ಅರಿವು ತಾನಾಗಿ ಬರುವುದಿಲ್ಲ. ಅಕ್ಷರವೇ ಅದನ್ನು ಕಲಿಸುತ್ತದೆ. ೧೯೮೩ರಲ್ಲಿ ಆಕ್ಸ್‌ಫರ್ಡಿನ ಲಿನೆಟ್ ಬ್ರ್ಯಾಡ್ಲಿ, ಪೀಟರ್ ಬ್ರ್ಯಾಂಟ್ ಅವರು ಧ್ವನಿಗಳನ್ನು ವಿಂಗಡಿಸುವುದರಲ್ಲಿ ಹಿಂದಿದ್ದ ೬೫ ಮಕ್ಕಳನ್ನು ನಾಲ್ಕು ಗುಂಪುಗಳನ್ನಾಗಿ ಮಾಡಿ ಎರಡು ವರ್ಷ ಶಿಕ್ಷಣ ಕೊಟ್ಟಾಗ, ಧ್ವನಿಗಳ ಆಟವನ್ನು ಅಕ್ಷರದ ಅಚ್ಚುಗಳೊಡನೆ ಕೂಡಿಸಿ ಕಲಿತ ಗುಂಪೇ ಓದಿನಲ್ಲಿ ಮುಂದಾಯಿತು. ಪದಾಂಧತೆಯೆಂಬುದು ಬಹುಮಟ್ಟಿಗೆ ಅಂಧತೆಯೇ ಅಲ್ಲವೆಂಬುದು ಹೀಗೆ ಸ್ಪಷ್ಟವಾಯಿತು. ಧ್ವನಿಯನ್ನು ಬಿಡಿಸಿ ಹಿಡಿದು ಗುರುತಿಗೆ ಕಟ್ಟುವಲ್ಲಿಯೇ ಈ ಮಕ್ಕಳಲ್ಲಿ ಹೆಚ್ಚಿನವರಿಗೆ ತೊಡಕು.

೫

ಇಷ್ಟೂ ತಿಳಿದುಬಂದುದು ಮಿದುಳನ್ನು ನೋಡಿಯಲ್ಲ, ಮಕ್ಕಳನ್ನು ನೋಡಿ. ಬದುಕಿರುವವರ ಮಿದುಳಿನ ವ್ಯಾಪಾರವನ್ನು ನೋಡುವ ಯಂತ್ರಗಳು ಅನಂತರ ಬಂದುವು. ೧೯೮೮ರಲ್ಲಿ ಅಮೆರಿಕದ ಸೈಂಟ್ ಲೂಯಿಸ್ ನಗರದ ವಿಜ್ಞಾನಿಗಳು, ಪದವನ್ನು ಓದುವಾಗ ಮಿದುಳಿನ ಯಾವ ಭಾಗಕ್ಕೆ ರಕ್ತವು ಹೆಚ್ಚಾಗಿ ಹರಿಯುತ್ತದೆಂಬುದನ್ನು ಚಿತ್ರಿಸಿದರು. ೧೯೯೦ರ ದಶಕದಲ್ಲಿ ಅಯಸ್ಕಾಂತದ ಬಲದಿಂದ ಕೆಲಸಮಾಡುವ, ದೇಹಕ್ಕೆ ಯಾವ ವಿಕಿರಣದ್ರವ್ಯವನ್ನೂ ಸೇರಿಸಬೇಕಾಗಿಲ್ಲದ ಯಂತ್ರಗಳು ಬಳಕೆಗೆ ಬಂದುದರಿಂದ ಮಕ್ಕಳನ್ನೂ ಪರೀಕ್ಷಿಸುವುದು ಸಾಧ್ಯವಾಯಿತು. ೨೦೦೦ದಲ್ಲಿ ಫ್ರಾನ್ಸಿನ ಲೋರಾಂ ಕೋಯೆನ್, ಸ್ಟಾನಿಸ್ಲಾಸ್ ಡೆಹೇನ್ ಮೊದಲಾದವರು, ಎಡ ಗೋಳಾರ್ಧದ ಹಿಂಬದಿಯ ಕೆಳಮೈಯಲ್ಲಿ, ಬರೆದ ಪದವನ್ನು ಕಂಡಾಗ ವಿಶೇಷವಾಗಿ ಎಚ್ಚರಗೊಳ್ಳುವ ಸಣ್ಣದೊಂದು ಪ್ರದೇಶವನ್ನು ಗುರುತಿಸಿದರು. ನೂರೆಂಟು ವರ್ಷಗಳ ಹಿಂದೆ ಡೆಜರೀನರು ವಿವರಿಸಿದ ದಾರಿಯಲ್ಲಿಯೇ ಅದು ಇದ್ದಿತು.

ಆದರೆ ಬರಹಕ್ಕೆ ಮುಂಚೆ ಆ ಪ್ರದೇಶವು ಏನು ಮಾಡುತ್ತಿತ್ತು? ಇದಕ್ಕೆ ೨೦೧೦ರಲ್ಲಿ ಬ್ರೆಜಿಲ್ ಮತ್ತು ಪೋರ್ಚುಗಲ್ಲುಗಳ ೬೩ ಮಂದಿ ವಯಸ್ಕರ ಮೇಲೆ ನಡೆದ ಪರೀಕ್ಷೆಯು ಉತ್ತರ ಕೊಟ್ಟಿತು. ಅವರಲ್ಲಿ ಹತ್ತು ಮಂದಿ ಓದು ಬಾರದವರು. ಇಪ್ಪತ್ತೆರಡು ಮಂದಿ ದೊಡ್ಡವರಾದ ಮೇಲೆ ಕಲಿತವರು. ಮಿಕ್ಕವರು ಬಾಲ್ಯದಲ್ಲಿಯೇ ಕಲಿತವರು. ಓದು ಬಾರದವರಲ್ಲಿ ಆ ಪ್ರದೇಶವು ಮುಖಗಳನ್ನೂ ವಸ್ತುಗಳನ್ನೂ ನೋಡುವ ಕೆಲಸದಲ್ಲಿ ತೊಡಗಿತ್ತು. ಓದು ಬಲಿತಷ್ಟೂ ಅದು ಅಕ್ಷರಗಳಿಗೆ ಹೆಚ್ಚಾಗಿ ಸ್ಪಂದಿಸುತ್ತಿತ್ತು. ವಯಸ್ಸಾದ ಮೇಲೆ ಕಲಿತವರಲ್ಲಿಯೂ ಈ ಬದಲಾವಣೆಯು ಆಗಿತ್ತು. ಹಳೆಯ ಮನೆಯ ಕೋಣೆಯೊಂದನ್ನು ಹೊಸ ಉಪಯೋಗಕ್ಕೆ ಬಿಟ್ಟುಕೊಟ್ಟಂತೆ, ವಸ್ತುಗಳ ಆಕಾರವನ್ನು ಗುರುತಿಸುತ್ತಿದ್ದ ನೆಲೆಯ ಒಂದು ಭಾಗವನ್ನು ಶಿಕ್ಷಣವು ಅಕ್ಷರಗಳಿಗೆ ತೆರವು ಮಾಡಿಸುತ್ತದೆ. ವಸ್ತುವು ಎಡಕ್ಕೆ ತಿರುಗಿದರೂ ಬಲಕ್ಕೆ ತಿರುಗಿದರೂ ಒಂದೇ ಎಂದು ಕಾಣುವುದು ಈ ನೆಲೆಯ ಹಳೆಯ ಗುಣ. ಬಲಕ್ಕೆ ನೋಡುವ ಹಸುವೂ ಎಡಕ್ಕೆ ನೋಡುವ ಹಸುವೂ ಹಸುವೇ ತಾನೆ? ‘ಬಿ’ ‘ಡಿ’ಗಳ ಭೇದವನ್ನು ಕಲಿಯಬೇಕಾದರೆ ಮಗುವು ಈ ಹಳೆಯ ಗುಣವನ್ನು ಅಕ್ಷರಗಳ ಮಟ್ಟಿಗೆ ಮರೆಯಬೇಕು. ಆದುದರಿಂದಲೇ ಮೊದಮೊದಲು ಕನ್ನಡಿಯ ಬಿಂಬದಂತೆ ತಿರುಗಿಸಿ ಬರೆಯುವುದು ಎಲ್ಲ ಮಕ್ಕಳಲ್ಲಿಯೂ ಸಹಜ; ಅದೊಂದೇ ರೋಗದ ಚಿಹ್ನೆಯಲ್ಲ. ಆರ್ಟನರು ಕಂಡ ಸಂಗತಿ ಸುಳ್ಳಲ್ಲ, ಕೊಟ್ಟ ಕಾರಣ ಮಾತ್ರ ಬೇರೆ.

ಓದಿನಲ್ಲಿ ತೊಡಕುಳ್ಳ ಮಕ್ಕಳಲ್ಲಿ ಈ ಎಡಮಾರ್ಗವು ಮಂದವಾಗಿರುವುದನ್ನು ಹಲವು ಪ್ರಯೋಗಶಾಲೆಗಳು ಕಂಡುವು. ಅದಕ್ಕಿಂತ ಮಿಗಿಲಾದ ಸುದ್ದಿಯನ್ನು ೨೦೦೪ರಲ್ಲಿ ಯೇಲ್ ವಿಶ್ವವಿದ್ಯಾನಿಲಯದ ಬೆನೆಟ್ ಶೇವಿಟ್ಸ್, ಸ್ಯಾಲಿ ಶೇವಿಟ್ಸ್ ಮತ್ತು ಅವರ ಸಂಗಡಿಗರು ಕೊಟ್ಟರು. ಧ್ವನಿ ಮತ್ತು ಅಕ್ಷರಗಳ ಸಂಬಂಧವನ್ನು ಒಂದು ಶಾಲಾವರ್ಷದಷ್ಟು ಕಾಲ ಕ್ರಮವಾಗಿ ಕಲಿಸಿದ ಮೇಲೆ ಅಂಥ ಮಕ್ಕಳ ಓದು ಸುಧಾರಿಸಿತು. ಪಾಠವು ಮುಗಿದು ವರ್ಷವಾದ ಮೇಲೂ ಅವರ ಮಿದುಳಿನ ಎಡಮಾರ್ಗವು ಮೊದಲಿಗಿಂತ ಚುರುಕಾಗಿ ಕೆಲಸಮಾಡುತ್ತಿತ್ತು. ಮಿದುಳಿನ ರಚನೆಯು ಹಣೆಯ ಬರಹವಲ್ಲ. ಒಳ್ಳೆಯ ಉಪಾಧ್ಯಾಯನ ಪಾಠವೂ ಅದನ್ನು ತಿದ್ದುತ್ತದೆ.

ಕೈಬರಹದ ವಿಷಯವಾಗಿಯೂ ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ೧೯೦೭ರಲ್ಲಿ ರೋಮ್ ನಗರದಲ್ಲಿ ಶಿಶುಮಂದಿರವನ್ನು ತೆರೆದ, ಸ್ವತಃ ವೈದ್ಯೆಯಾಗಿದ್ದ ಮರಿಯಾ ಮಾಂಟೆಸೊರಿಯವರು ಒರಟು ಕಾಗದದಲ್ಲಿ ಕತ್ತರಿಸಿದ ಅಕ್ಷರಗಳ ಮೇಲೆ ಮಕ್ಕಳ ಬೆರಳಾಡಿಸುತ್ತಿದ್ದರು. ಕನ್ನಡ ನಾಡಿನ ಕೂಲಿಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಬರೆಯುತ್ತ, ಬರೆದುದನ್ನು ಗಟ್ಟಿಯಾಗಿ ಹೇಳುತ್ತಿದ್ದರು. ೨೦೧೨ರಲ್ಲಿ ಅಮೆರಿಕದ ಕ್ಯಾರಿನ್ ಜೇಮ್ಸ್, ಲಾರಾ ಎಂಗಲ್‌ಹಾರ್ಟ್ ಅವರು, ಇನ್ನೂ ಓದು ಬಾರದ ಐದು ವರ್ಷದ ಮಕ್ಕಳಲ್ಲಿ ಕೆಲವು ಅಕ್ಷರಗಳನ್ನು ಕೈಯಿಂದ ಬರೆಯಿಸಿ, ಕೆಲವನ್ನು ಗೆರೆಯ ಮೇಲೆ ತಿದ್ದಿಸಿ, ಕೆಲವನ್ನು ಯಂತ್ರದ ಗುಂಡಿಯೊತ್ತಿ ಮೂಡಿಸಹೇಳಿದರು. ಬಳಿಕ ಆ ಅಕ್ಷರಗಳನ್ನು ತೋರಿಸಿದಾಗ, ಮಕ್ಕಳು ತಾವೇ ಬರೆದುದಕ್ಕೆ ಮಾತ್ರ ಮಿದುಳಿನ ಓದಿನ ಮಾರ್ಗವು ಎಚ್ಚರಗೊಂಡಿತು. ತಿದ್ದುವುದಕ್ಕಿಂತ ತಾನೇ ಬರೆಯುವುದು ಮೇಲೆಂಬುದನ್ನು ಇದರಿಂದ ಊಹಿಸಬಹುದು.

೬

ಇದುವರೆಗೆ ಹೇಳಿದ ಶೋಧನೆಗಳಲ್ಲಿ ಹೆಚ್ಚಿನವು ಇಪ್ಪತ್ತು ಮೂವತ್ತು ಅಕ್ಷರಗಳುಳ್ಳ ರೋಮನ್ ಲಿಪಿಯನ್ನು ಕುರಿತವು. ಕನ್ನಡದ ಮಗುವಿನ ಸ್ಥಿತಿಯು ಬೇರೆ. ಕನ್ನಡದಲ್ಲಿ ಬರೆದಂತೆ ಓದು, ಓದಿದಂತೆ ಬರಹ; ಇಂಗ್ಲಿಷಿನ ಕಾಗುಣಿತದ ಅರಾಜಕತೆ ಇಲ್ಲಿಲ್ಲ. ಒಂದೊಂದು ಅಕ್ಷರವೂ ಬಾಯಲ್ಲಿ ಒಂದೇ ಉಸಿರಿಗೆ ಬರುವ ಉಲಿಯ ಗುಂಪಾದುದರಿಂದ, ಎಳೆಯ ಕಿವಿಗೆ ಸಹಜವಾಗಿ ದಕ್ಕುವ ಘಟಕವೇ ಬರಹದ ಘಟಕವೂ ಆಗಿದೆ. ಇದು ಅನುಕೂಲ. ಪ್ರತಿಕೂಲವೆಂದರೆ ಗುರುತುಗಳ ಸಂಖ್ಯೆ. ಮೂವತ್ತನಾಲ್ಕು ವ್ಯಂಜನಗಳಿಗೆ ಸ್ವರಗಳು ಸೇರಿದ ಗುಣಿತಾಕ್ಷರಗಳೇ ನಾನೂರಕ್ಕೆ ಮೇಲಾಗುತ್ತವೆ. ಒತ್ತಕ್ಷರಗಳು ಅದರ ಮೇಲೆ. ‘ಸ್ತ್ರೀ’ ಎಂಬ ಒಂದೇ ಅಕ್ಷರದಲ್ಲಿ ನಾಲ್ಕು ಬಿಡಿಧ್ವನಿಗಳು ಅಡಗಿವೆ. ಅವು ಎಡದಿಂದ ಬಲಕ್ಕೆ ಸಾಲಾಗಿ ನಿಲ್ಲದೆ ಮೇಲೂ ಕೆಳಗೂ ಹೆಣೆದುಕೊಂಡಿವೆ.

ಕರ್ನಾಟಕದ ಶಾಲೆಗಳ ಮಕ್ಕಳನ್ನು ಕುರಿತು ಸೊನಾಲಿ ನಾಗ್ ಅವರು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನು ಸ್ಥಿರಪಡಿಸಿತು. ಇಂಗ್ಲಿಷ್ ಮಕ್ಕಳು ತಮ್ಮ ಅಕ್ಷರಮಾಲೆಯನ್ನು ಒಂದು ವರ್ಷದಲ್ಲಿ ಮುಗಿಸಿದರೆ, ಕನ್ನಡದ ಮಕ್ಕಳು ಅಕ್ಷರಗಳನ್ನು ಪೂರ್ಣವಾಗಿ ಹಿಡಿತಕ್ಕೆ ತಂದುಕೊಳ್ಳುವುದಕ್ಕೆ ನಾಲ್ಕನೆಯ ತರಗತಿಯವರೆಗೂ ಅದರಾಚೆಗೂ ಬೇಕಾಗುತ್ತದೆ. ಬಿಡಿಧ್ವನಿಗಳ ಅರಿವು ಇನ್ನೂ ನಿಧಾನವಾಗಿ ಮೂಡುತ್ತದೆ. ಆದುದರಿಂದ ಎರಡನೆಯ ತರಗತಿಯ ಮಗುವು ಒತ್ತಕ್ಷರದಲ್ಲಿ ತಡವರಿಸಿದರೆ ಅದನ್ನು ಕಂಡು ಗಾಬರಿಪಡಬೇಕಾಗಿಲ್ಲ. ಹಾಗೆಯೇ, ಅಕ್ಷರಾಭ್ಯಾಸವು ಮೊದಲ ವರ್ಷಕ್ಕೆ ಮುಗಿಯಿತೆಂದು ಕೈತೊಳೆದುಕೊಳ್ಳುವುದೂ ಸರಿಯಲ್ಲ. ಸ್ವರಗಳನ್ನು ಬೇರೆಯಿಟ್ಟು, ವ್ಯಂಜನಗಳನ್ನು ಕಂಠ್ಯ, ತಾಲವ್ಯ, ಮೂರ್ಧನ್ಯ, ದಂತ್ಯ, ಓಷ್ಠ್ಯಗಳೆಂದು ಬಾಯಿಯ ಸ್ಥಾನಗಳಂತೆ ಜೋಡಿಸಿದ ವರ್ಣಮಾಲೆಯೂ, ಒಂದೇ ವ್ಯಂಜನಕ್ಕೆ ಸ್ವರವೊಂದನ್ನೇ ಬದಲಿಸುತ್ತ ಹೋಗುವ ಕಾಗುಣಿತವೂ ಬಿಡಿಧ್ವನಿಗಳ ಪಾಠವೇ ಆಗಿವೆ. ಅರ್ಥ ತಿಳಿಯದೆ ರಾಗವಾಗಿ ಒಪ್ಪಿಸಿದರೆ ಅವು ಬರಿಯ ಕಂಠಪಾಠ. ‘ಕಿ’ಗೂ ‘ಗಿ’ಗೂ ಸಮಾನವಾದುದೇನು, ಭಿನ್ನವಾದುದೇನು ಎಂದು ಮಗುವಿನ ಬಾಯಿಂದಲೇ ಹೇಳಿಸಿದರೆ ಅವೇ ಲಿಬರ್ಮನ್ನರ ಆಟದಂತೆ ಕಿವಿಯನ್ನು ತೆರೆಯುತ್ತವೆ.

ಭಾರತದಲ್ಲಿ ೨೦೧೬ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಮೊದಲ ಬಾರಿಗೆ ಕಲಿಕೆಯ ನಿರ್ದಿಷ್ಟ ತೊಡಕುಗಳನ್ನು ತನ್ನ ಇಪ್ಪತ್ತೊಂದು ಬಗೆಗಳಲ್ಲಿ ಒಂದಾಗಿ ಎಣಿಸಿತು. ಅವನ್ನು ಗುರುತಿಸುವುದಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಸಿದ್ಧಪಡಿಸಿದ ಪರೀಕ್ಷೆಗಳು ದೇಶದಲ್ಲಿ ಬಳಕೆಯಲ್ಲಿವೆ. ಮಾರ್ಗನ್ನರ ಲೇಖನಕ್ಕೂ ಈ ಶಾಸನಕ್ಕೂ ನಡುವೆ ನೂರಿಪ್ಪತ್ತು ವರ್ಷಗಳು ಕಳೆದಿದ್ದುವು.

೭

ಮಿದುಳಿನ ಹೆಸರಿಗೆ ಇರುವ ಗೌರವವನ್ನು ಕಂಡು, ಅದನ್ನು ಹೊದ್ದುಕೊಂಡು ಬಂದ ಸುಳ್ಳುಗಳ ವಿಚಾರವನ್ನೂ ಹೇಳದಿದ್ದರೆ ಈ ಚರಿತ್ರೆಯು ಪೂರ್ಣವಾಗದು. ಗೋಳಾರ್ಧಗಳ ಸಂಬಂಧ ಕಡಿದ ರೋಗಿಗಳ ಮೇಲೆ ರೋಜರ್ ಸ್ಪೆರಿಯವರು ನಡೆಸಿದ, ೧೯೮೧ರಲ್ಲಿ ನೊಬೆಲ್ ಬಹುಮಾನವನ್ನು ಪಡೆದ ಗಂಭೀರವಾದ ಸಂಶೋಧನೆಯು, ಎಡಮಿದುಳಿನ ಮಕ್ಕಳು, ಬಲಮಿದುಳಿನ ಮಕ್ಕಳು ಎಂಬ ಬಾಲಿಶವಾದ ವಿಂಗಡಣೆಯಾಗಿ ಶಾಲೆಗಳನ್ನು ಹೊಕ್ಕಿತು. ಕೆಲವು ಮಕ್ಕಳು ಕಣ್ಣಿಂದ, ಕೆಲವರು ಕಿವಿಯಿಂದ, ಕೆಲವರು ಕೈಯಿಂದ ಕಲಿಯುವವರೆಂದು ಭಾಗಮಾಡಿ ಪಾಠ ಹೇಳಬೇಕೆಂಬ ಮತವು ಇನ್ನೂ ವಿಸ್ತಾರವಾಗಿ ಹಬ್ಬಿತು. ೨೦೦೮ರಲ್ಲಿ ಹೆರಾಲ್ಡ್ ಪ್ಯಾಷ್ಲರ್ ಮೊದಲಾದ ಮನಶ್ಶಾಸ್ತ್ರಜ್ಞರು ವಿಚಾರಿಸಿ ನೋಡಿ, ಇದಕ್ಕೆ ಸಾಕಾದ ಆಧಾರವಿಲ್ಲವೆಂದರು. ೨೦೧೨ರಲ್ಲಿ ಬ್ರಿಟನ್ ಮತ್ತು ಹಾಲೆಂಡುಗಳ ೨೪೨ ಮಂದಿ ಉಪಾಧ್ಯಾಯರನ್ನು ಕೇಳಿದಾಗ, ಇಂತಹ ಮಿಥ್ಯೆಗಳಲ್ಲಿ ಸರಾಸರಿ ನೂರಕ್ಕೆ ೪೯ರಷ್ಟನ್ನು ಅವರು ನಂಬಿದ್ದರು. ಬಣ್ಣದ ಕನ್ನಡಕ, ಕಣ್ಣಿನ ವ್ಯಾಯಾಮ ಮುಂತಾದುವುಗಳಿಂದ ಓದಿನ ತೊಡಕು ವಾಸಿಯಾಗುವುದೆಂಬುದಕ್ಕೆ ಆಧಾರವಿಲ್ಲವೆಂದು ಅಮೆರಿಕದ ಮಕ್ಕಳ ವೈದ್ಯರೂ ನೇತ್ರವೈದ್ಯರೂ ೨೦೦೯ರಲ್ಲಿ ಒ‌ಟ್ಟಾಗಿ ಸಾರಿದರೂ, ಕಳವಳಪಟ್ಟ ತಂದೆತಾಯಂದಿರು ಅವಕ್ಕೆ ಹಣ ತೆರುತ್ತಲೇ ಬಂದಿದ್ದಾರೆ.

ಮಿದುಳಿನ ಶಾಸ್ತ್ರಕ್ಕೂ ತರಗತಿಯ ಪಾಠಕ್ಕೂ ನಡುವೆ ನೇರವಾದ ಸೇತುವೆ ಕಟ್ಟಲಾಗದೆಂದೂ, ನಡುವೆ ಮನಶ್ಶಾಸ್ತ್ರವೆಂಬ ದ್ವೀಪವನ್ನು ಹಾದೇ ಹೋಗಬೇಕೆಂದೂ ಜಾನ್ ಬ್ರೂವರ್ ಅವರು ೧೯೯೭ರಲ್ಲಿ ವಾದಿಸಿದರು. ಓದಿನ ಚರಿತ್ರೆಯು ಈ ವಾದವನ್ನು ಬಹುಮಟ್ಟಿಗೆ ಸಮರ್ಥಿಸುತ್ತದೆ. ಡೆಜರೀನರ ಶವಪರೀಕ್ಷೆಯಿಂದ ಯಾವ ಪಾಠಕ್ರಮವೂ ಹುಟ್ಟಲಿಲ್ಲ. ಹಿನ್‌ಷೆಲ್‌ವುಡ್ಡರ ಮತ್ತು ಆರ್ಟನರ ಮಿದುಳಿನ ಕಲ್ಪನೆಗಳು ಬಿದ್ದುಹೋದರೂ ಅವರ ಸುತ್ತ ಬೆಳೆದ ಪಾಠವಿಧಾನವು ಉಳಿಯಿತು. ಧ್ವನಿಯ ಮರ್ಮವನ್ನು ಹಿಡಿದವರು ಮೇಜು ಕುಟ್ಟುವ ಆಟವನ್ನು ಹೂಡಿದವರು. ಯಂತ್ರಗಳು ಬಹುಪಾಲು, ಉಪಾಧ್ಯಾಯರೂ ಮನಶ್ಶಾಸ್ತ್ರಜ್ಞರೂ ಮೊದಲೇ ಕಂಡುದಕ್ಕೆ ಸಾಕ್ಷಿ ನುಡಿದುವು.

ಹಾಗೆಂದು ಆ ಸಾಕ್ಷ್ಯವು ಅಲ್ಪವೆಂದು ಯಾರೂ ಭಾವಿಸಬಾರದು. ಓದಲಾರದ ಮಗುವಿನ ಮೇಲೆ ಹೊರಿಸಿದ್ದ ಅಪವಾದವನ್ನು ಕೇವಲ ದಯೆಯಿಂದ ತೊಡೆಯುವುದು ಸಾಧ್ಯವಿರಲಿಲ್ಲ. ಕಾಣುವ ಪ್ರಮಾಣವು ಬೇಕಾಗಿತ್ತು. ಮಗುವು ಮನಸ್ಸು ಮಾಡುತ್ತಿಲ್ಲವೆಂಬ ದೂರಿಗೆ ಮಾರ್ಗನ್ನರ ಹುಡುಗನು ಮೊದಲ ಉತ್ತರ. ಮಾರ್ಗವು ಮಂದವಾಗಿದ್ದರೂ ಪಾಠದಿಂದ ಚುರುಕಾಗುತ್ತದೆಂಬ ಚಿತ್ರವು ಎರಡನೆಯ ಉತ್ತರ. ಮೊದಲನೆಯದು ಮಗುವನ್ನು ಶಿಕ್ಷೆಯಿಂದ ಬಿಡಿಸಿತು; ಎರಡನೆಯದು ಉಪಾಧ್ಯಾಯನನ್ನು ನಿರಾಶೆಯಿಂದ ಬಿಡಿಸಿತು. ಮನೆಯಲ್ಲಿ ಮಾತಿನಮಲ್ಲನಾಗಿದ್ದು ಪುಸ್ತಕದ ಮುಂದೆ ಮೂಕನಾಗುವ ಹುಡುಗನನ್ನು ಕಂಡಾಗ ಮಾಡಬೇಕಾದುದು ಕಷ್ಟವಾದುದೇನೂ ಅಲ್ಲ. ಮೊದಲು ಕಣ್ಣು ಕಿವಿಗಳ ಪರೀಕ್ಷೆ. ಅನಂತರ ಬಲ್ಲವರಿಂದ ಓದಿನ ಪರೀಕ್ಷೆ. ಆಮೇಲೆ ದಿನಕ್ಕಿಷ್ಟು ಹೊತ್ತು, ಒಂದೊಂದೇ ಅಕ್ಷರವನ್ನು ನುಡಿಸಿ, ಕೇಳಿಸಿ, ಬರೆಯಿಸಿ, ಬೇಸರಪಡದೆ ಕಲಿಸುವುದು. ಹಿನ್‌ಷೆಲ್‌ವುಡ್ಡರು ೧೯೧೭ರಲ್ಲಿ ಹೇಳಿದುದಕ್ಕಿಂತ ಇದು ಬಹಳ ಭಿನ್ನವಾಗಿಲ್ಲ. ಅವರು ಅನುಭವದಿಂದ ಹೇಳಿದುದನ್ನು ಈಗ ಕಾರಣಸಹಿತವಾಗಿ ಹೇಳಬಹುದೆಂಬುದೇ ನೂರು ವರ್ಷಗಳ ಲಾಭ.